ಟೀಚರಮ್ಮ ಮತ್ತೆ ಕಾರು ಹತ್ತಿದ್ದು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಅವಳು. ಎಲ್ಲರ ಬಾಯಲ್ಲೂ ಟೀಚರಮ್ಮ. ಕಲಿಯುವವರು ಲಾರಿಯ ಮೂತಿಗೆ ಮೂತಿ ತಂದು ನಿಲ್ಲಿಸಿದರೂ ಅವಳ ದನಿ ಏರುತ್ತಿರಲಿಲ್ಲ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಇದೆ ಎಂದು ಡಾಕ್ಟರು ಹೇಳಿದಾಗಲೂ "ಸರಿ, ಮುಂದೇನು?" ಎಂದಷ್ಟೇ ಕೇಳಿದ್ದಳು. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟರು. ಗಡ್ಡೆ ಕರಗಿತು. ಅವಳು ಕೆಲಸಕ್ಕೆ ಮರಳಿದಳು.

ಹೊಟ್ಟೆ ಕೈಕೊಟ್ಟಿದ್ದು ಆಮೇಲೆ, ಎಲ್ಲ ಮುಗಿಯಿತು ಅಂದುಕೊಂಡ ಮೇಲೆ. ಮೊದಲು ಉಂಡ ಕೂಡಲೇ ಟಾಯ್ಲೆಟ್‌ಗೆ ಓಡಬೇಕಾಗುತ್ತಿತ್ತು. ಬರಬರುತ್ತ ಓಡಲೂ ಪುರುಸೊತ್ತು ಸಿಗದಂತಾಯಿತು. ಒಂದು ದಿನ ಸಿಗ್ನಲ್‌ನಲ್ಲಿ, ಪಕ್ಕದಲ್ಲಿ ಕಲಿಯಲು ಬಂದವನೊಬ್ಬ ಸ್ಟಿಯರಿಂಗ್ ಹಿಡಿದು ಕೂತಿದ್ದಾಗಲೇ, ತಡೆಯಲಾಗಲಿಲ್ಲ. ಆ ಮನುಷ್ಯ ಮೆಲ್ಲಗೆ ಗಾಜು ಇಳಿಸಿ ಹೊರಗೆ ನೋಡುತ್ತ ಕೂತ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನದಿಂದ ಅವಳು ಮನೆ ಬಿಟ್ಟು ಕದಲಲಿಲ್ಲ. ಕೇಳಿದರೆ ಸೊಂಟನೋವು ಎನ್ನುತ್ತಿದ್ದಳು. ತಂಗಿ ಮನೆಗೆ ಕರೆದರೆ ಇನ್ನೊಂದು ನೆಪ. ಊಟ ಅರೆಹೊಟ್ಟೆಗೆ ಇಳಿಯಿತು. ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ ಗಂಡ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಾಗ, ಅವಳು ಬಚ್ಚಲಲ್ಲಿ ಕೂತು ಹಾಸಿಗೆಯ ಹೊದಿಕೆ ಉಜ್ಜುತ್ತಿದ್ದಳು.

"ನೀವು ಆಚೆ ಹೋಗಿ ರೀ."

ಅವನು ಹೋಗಲಿಲ್ಲ. ಒದ್ದೆ ನೆಲದಲ್ಲೇ ಕುಕ್ಕರಗಾಲಲ್ಲಿ ಕೂತ. "ಊರಿನ ಬೀಗ ಎಲ್ಲಾ ತೆಗೀತೀನಿ. ನಿನ್ನ ಬಾಯಿ ತೆಗೆಸೋಕೆ ಮಾತ್ರ ಆಗ್ತಿಲ್ವಲ್ಲೇ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಲ್ಲ ಹೇಳಿಕೊಂಡಳು.

"ಡಾಕ್ಟರಿಗೆ ಹೇಳಿದ್ಯಾ?"

"ಜೀವ ಉಳಿಸಿದೋರ ಮುಂದೆ ಹೊಟ್ಟೆ ಸರಿಯಿಲ್ಲ ಅಂತ ದೂರೋಕಾಗುತ್ತಾ?"

"ಗ್ಯಾರೇಜಿಂದ ಬಂದ ಕಾರು ಗಡಗಡ ಅಂದ್ರೆ ಸುಮ್ನೆ ಇರ್ತೀಯಾ? ನಡಿ, ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಸಿಕ್ಕಿದ ನರ್ಸಮ್ಮ ಸುತ್ತಿಬಳಸಿ ಮಾತಾಡುವವಳಲ್ಲ. "ಅವಸರ ಆಗುತ್ತಾ? ಟಾಯ್ಲೆಟ್ ಸೇರೋದ್ರೊಳಗೆ ಆಗಿಹೋಗುತ್ತಾ? ರಕ್ತ ಏನಾದ್ರೂ?" ಎಂದು ನೇರವಾಗಿ ಕೇಳಿದಳು. ಆಮೇಲೆ, "ನಿಮ್ಮೊಬ್ಬರಿಗೇ ಅಲ್ಲಮ್ಮ ಇದು. ಗಡ್ಡೆಗೆ ಬಿಟ್ಟ ಕಿರಣ ಪಕ್ಕದ ಕರುಳಿಗೂ ತಾಗಿರುತ್ತೆ. ಎಷ್ಟೋ ಸಲ ತಡವಾಗಿ ತೋರಿಸ್ಕೊಳ್ಳುತ್ತೆ. ಹಲ್ಲು ಕಚ್ಚಿ ಸಹಿಸೋ ಅಗತ್ಯ ಇಲ್ಲ" ಎಂದಳು. ಆ ಮಾತಿಗೇ ಟೀಚರಮ್ಮನ ಎದೆಯ ಭಾರ ಅರ್ಧ ಇಳಿಯಿತು.

ಪರೀಕ್ಷೆಗಳಾದವು. ಕರುಳು ಮತ್ತೆ ಹೀರಿಕೊಳ್ಳಬೇಕಾದ ಪಿತ್ತರಸ ಹಾಗೇ ಕೆಳಗಿಳಿದು ಭೇದಿ ಮಾಡಿಸುತ್ತಿದೆ ಎಂದು ತಿಳಿಯಿತು. ಅದಕ್ಕೊಂದು ಪುಡಿ ಕೊಟ್ಟರು. ಎಣ್ಣೆ ಜಿಡ್ಡು ಕಡಿಮೆ ಮಾಡಿ ಎಂದರು. ಗುದದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನೂ ಕಲಿಸಿದರು.

"ದಬಕ್ಕಂತ ಬಿಡಬಾರದು, ನಿಧಾನಕ್ಕೆ" ಎಂದಳು ನರ್ಸಮ್ಮ.

"ಕ್ಲಚ್ ಥರ" ಎಂದಳು ಟೀಚರಮ್ಮ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ತಮಾಷೆಯ ಮಾತು ಬಂದಿತ್ತು.

ಆದರೆ ಸುಲಭವಾಗಲಿಲ್ಲ. ನೀರಿಗೆ ಹಾಕಿ ಕುಡಿಯಬೇಕಿದ್ದ ಆ ಪುಡಿ ಬಾಯಿಗೆ ಮರಳು ಕಲಸಿದ ನೀರಿನಂತಿತ್ತು. ಹೊಟ್ಟೆ ಉಬ್ಬರಿಸಿ, ಎಲ್ಲ ಚೆಲ್ಲಿಬಿಡುತ್ತೇನೆ ಎಂದು ಒಂದು ಬೆಳಗ್ಗೆ ಹಟ ಹಿಡಿದಳು. ಗಂಡ ನರ್ಸಮ್ಮನಿಗೆ ಫೋನ್ ಮಾಡಿದ. ಡಾಕ್ಟರನ್ನು ಕೇಳಿ ನರ್ಸಮ್ಮ ಪುಡಿಯ ಪ್ರಮಾಣ ಬದಲಿಸಿ ಹೇಳಿದಳು. ನಿಧಾನವಾಗಿ ಟಾಯ್ಲೆಟ್‌ಗೆ ಓಡುವುದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಆದರೂ ಬೀದಿಯ ಕೊನೆಯವರೆಗೆ ಹೋಗಿಬರುವ ಧೈರ್ಯ ಬಂತು, ಆಮೇಲೆ ಮಾರ್ಕೆಟ್‌ವರೆಗೆ. ಒಂದು ದಿನ ಪ್ಯಾಡು, ಬದಲಿ ಬಟ್ಟೆ ಚೀಲಕ್ಕೆ ತುಂಬಿಕೊಂಡು ಕಾರು ಹತ್ತಿಯೇಬಿಟ್ಟಳು.

ಕಲಿಯಲು ಬಂದಿದ್ದವಳು ಟೈಲರಮ್ಮ. ದೊಡ್ಡ ಸರ್ಕಲ್ ಕಂಡರೆ ಅವಳು ಕಾರು ಬದಿಗೆ ನಿಲ್ಲಿಸಿಬಿಡುತ್ತಿದ್ದಳು. ಕಾರು ಹೊರಡುವ ಮೊದಲೇ ಟೀಚರಮ್ಮ ಹೇಳಿದಳು: "ನಿಲ್ಲಿಸಿ ಅಂದ್ರೆ ನಿಲ್ಲಿಸಬೇಕು. ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದೆ ನಂಗೆ. ಹೊಟ್ಟೆ ಹೇಳದೆ ಕೇಳದೆ ಅವಸರ ಮಾಡುತ್ತೆ."

ಟೈಲರಮ್ಮ ಏನೋ ಕೇಳಲು ಬಾಯಿ ತೆರೆದು, "ಆಯ್ತು ಟೀಚರ್" ಎಂದಷ್ಟೇ ಹೇಳಿದಳು.

ಸರ್ಕಲ್ ಹತ್ತಿರವೇ ಹೊಟ್ಟೆ ತಿರುಚಿತು. ಟೀಚರಮ್ಮ ಸ್ನಾಯುಗಳನ್ನು ಬಿಗಿಹಿಡಿದು, "ಆಚೆ ಬದಿ ಪೆಟ್ರೋಲ್ ಬಂಕ್. ನಡೀರಿ" ಎಂದಳು. ಟೈಲರಮ್ಮ ಹಾರ್ನ್ ಒತ್ತುತ್ತ, ಬಸ್ಸು ಲಾರಿಗಳ ನಡುವೆ ನೂಲು ಪೋಣಿಸಿದಂತೆ ಕಾರು ನುಗ್ಗಿಸಿ, ಟಾಯ್ಲೆಟ್ ಬಾಗಿಲಿಗೇ ತಂದು ನಿಲ್ಲಿಸಿದಳು.

ಈ ಸಲ ಬಟ್ಟೆ ಕೆಡಲಿಲ್ಲ. ಟೀಚರಮ್ಮ ಮುಖ ತೊಳೆದು ಹೊರಬಂದಾಗ ಟೈಲರಮ್ಮ ಕಾರಿಗೆ ಒರಗಿ ನಿಂತಿದ್ದಳು.

"ಟೀಚರ್, ಸರ್ಕಲ್ ದಾಟಿಬಿಟ್ಟೆ ಕಣ್ರೀ!" ಎಂದವಳು ದನಿ ತಗ್ಗಿಸಿದಳು. "ನಮ್ಮಕ್ಕಂಗೂ ಇದೇ ಟ್ರೀಟ್‌ಮೆಂಟ್ ಆಗಿತ್ತು. ಈಗ ಹೊಸ್ತಿಲು ದಾಟಲ್ಲ. ಯಾಕೆ ಅಂದ್ರೆ ರೇಗ್ತಾಳೆ. ಇದೇ ಇರಬಹುದಾ?"

"ಇರಬಹುದು. ನಮ್ಮ ನರ್ಸಮ್ಮನ ಹತ್ರ ಕರ್ಕೊಂಡು ಹೋಗೋಣ. ಕಾರು ನೀವೇ ಓಡಿಸಿ."

ಮುಂದಿನ ವಾರ, ಒಲ್ಲೆ ಎನ್ನುತ್ತಿದ್ದ ಅಕ್ಕನನ್ನೂ ಒಪ್ಪಿಸಿ ಹಿಂದಿನ ಸೀಟಲ್ಲಿ ಕೂರಿಸಿಕೊಂಡು, ಮೂವರೂ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಒಮ್ಮೆ ಟೀಚರಮ್ಮನಿಗಾಗಿ ನಿಲ್ಲಿಸಬೇಕಾಯಿತು. ಅವಳು ಸಂಕೋಚವಿಲ್ಲದೆ ಇಳಿದು ಹೋಗಿಬಂದಳು. ಅದನ್ನೇ ನೋಡುತ್ತಿದ್ದ ಅಕ್ಕ ಇನ್ನೂ ಸ್ವಲ್ಪ ದೂರ ಹೋದ ಮೇಲೆ ತಂಗಿಯ ಭುಜ ತಟ್ಟಿ, "ನಂಗೂ ಒಂದ್ಸಲ ನಿಲ್ಲಿಸೇ" ಎಂದಳು.