ಮೂರು ಗಂಟೆಯ ಮೇಲೆ ನೀರು ಕುಡಿಯದವರು

ನೆರೆಗೆ ಮನೆಗಳು ಕೊಚ್ಚಿಹೋದ ಮೇಲೆ ನಾವೆಲ್ಲ ಶಾಲೆಯ ಕೋಣೆಗಳಲ್ಲಿದ್ದೆವು. ಒಂದು ಕೋಣೆಗೆ ಆರು ಸಂಸಾರ. ಹೊರದೇಶದ ಒಂದು ನೆರವು ಸಂಸ್ಥೆ ಹಿಟ್ಟು, ಕಂಬಳಿ, ಸೋಪು ಕೊಟ್ಟಿತು. ಎಂಟು ಕಕ್ಕಸುಗಳನ್ನೂ ಕಟ್ಟಿಸಿತು. ಎಲ್ಲಿ ಕಟ್ಟಬೇಕೆಂದು ಶಿಬಿರದ ಸಮಿತಿಯನ್ನು ಕೇಳಿತು. ಸಮಿತಿಯಲ್ಲಿ ಒಂಬತ್ತು ಜನ, ಒಂಬತ್ತೂ ಗಂಡಸರು. "ಬಯಲಿನ ಆಚೆ ತುದಿಗಿರಲಿ, ವಾಸನೆ ಬರಬಾರದು" ಎಂದು ಕೈ ಎತ್ತಿ ಒಪ್ಪಿಬಿಟ್ಟರು. ಅಲ್ಲಿ ದೀಪವಿಲ್ಲ, ಒಳಗೆ ಚಿಲಕವಿಲ್ಲ. ಸಂಜೆಯಾದರೆ ದಾರಿಯಲ್ಲಿ ಇಸ್ಪೀಟು ಆಡುವವರ ಗುಂಪು.

ಹೆಂಗಸರು ಒಂದು ಉಪಾಯ ಕಂಡುಕೊಂಡರು. ಮಧ್ಯಾಹ್ನ ಮೂರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನೂ ಹಾಗೇ ಮಾಡಿದವಳು, ಅದಕ್ಕೇ ಉರಿ ಇನ್ನಷ್ಟು.

ನನ್ನ ಪಕ್ಕದ ಚಾಪೆ ದರ್ಜಿಯ ಸಂಸಾರದ್ದು. ದರ್ಜಿ, ಅವನ ತಾಯಿ, ಏಳು ತಿಂಗಳ ಬಸುರಿ ಹೆಂಡತಿ. ದರ್ಜಿ ಆ ಒಂಬತ್ತರಲ್ಲಿ ಒಬ್ಬ. ಸೊಸೆ ಚೆಂಬಿಗೆ ಕೈ ಹಾಕಿದರೆ ಅತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಮೂರೂವರೆ ಆಯ್ತು ಕಣೇ. ಈಗ ಕುಡಿದ್ರೆ ಆಮೇಲೆ ಯಾರ ಕಣ್ಣೆದುರಿಗೆ ಹೋಗ್ತೀಯ?"

ಹುಡುಗಿ ಚೆಂಬು ಕೆಳಗಿಡುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಗೆ ಚಳಿಜ್ವರ, ಸೊಂಟನೋವು, ಉರಿಮೂತ್ರ. ನಾನೇ ಓಡಿಹೋಗಿ ಸಂಸ್ಥೆಯ ನರ್ಸಮ್ಮನನ್ನು ಕರೆತಂದೆ.

"ನೀರು ಎಷ್ಟು ಕುಡೀತೀಯಮ್ಮಾ?" ಎಂದು ನರ್ಸಮ್ಮ ಕೇಳಿದರು.

ಉತ್ತರ ಕೊಟ್ಟವಳು ಅತ್ತೆ. "ನಮ್ಮ ಸೊಸೆ ಮರ್ಯಾದಸ್ಥೆ ಕಣಮ್ಮಾ. ಮೂರರ ಮೇಲೆ ಹನಿ ಮುಟ್ಟಲ್ಲ."

"ಅದೆಂಥ ಮರ್ಯಾದೆ ಅಮ್ಮಾ? ನೀರು ಕುಡೀದೆ, ಮೂತ್ರ ತಡೆದು ತಡೆದು ಸೋಂಕಾಗಿದೆ. ಹೀಗೇ ಬಿಟ್ರೆ ಮಗು ದಿನ ತುಂಬೋ ಮೊದಲೇ ಹುಟ್ಟಬಹುದು. ತಾಯಿ ಜೀವಕ್ಕೂ ಅಪಾಯ. ಈಗಲೇ ಆಸ್ಪತ್ರೆಗೆ ನಡೀರಿ."

ಅತ್ತೆಯ ಮುಖ ಬಿಳಿಚಿಕೊಂಡಿತು. ನನಗೆ ತಡೆಯಲಾಗಲಿಲ್ಲ. "ಕಕ್ಕಸು ಕಟ್ಟಿದ್ದು ನಿಮ್ಮ ಸಂಸ್ಥೆ ತಾನೇ? ಯಾರನ್ನ ಕೇಳಿ ಅಲ್ಲಿ ಕಟ್ಟಿದ್ರಿ? ನಿಮ್ಮ ಮಗಳನ್ನ ಅಲ್ಲಿಗೆ ಕಳಿಸ್ತೀರಾ?"

ನರ್ಸಮ್ಮ ಜಾರಿಕೊಳ್ಳಲಿಲ್ಲ. "ತಪ್ಪು ನಮ್ದೇ ಅಕ್ಕಾ. ಹೆಂಗಸರನ್ನ ಬೇರೆಯಾಗಿ ಕೇಳಬೇಕು ಅಂತ ನಮ್ಮಲ್ಲೇ ನಿಯಮ ಇದೆ. ಅವಸರದಲ್ಲಿ ಕೇಳ್ಲಿಲ್ಲ. ನೀವು ದೂರು ಕೊಡಿ. ಅದಕ್ಕೆ ರೇಷನ್ ನಿಲ್ಲಲ್ಲ, ನಿಮ್ಮ ಹೆಸರೂ ಹೊರಗೆ ಬರಲ್ಲ."

"ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಮ್ಮಾ?" ಎಂದಳು ಅತ್ತೆ.

"ಇದು ದಾನ ಅಲ್ಲ. ಕಷ್ಟದಲ್ಲಿರೋರಿಗೆ ಅಂತ ನಾಲ್ಕು ದೇಶದ ಜನ ಕೂಡಿ ಕೊಟ್ಟದ್ದು, ನಿಮಗೆ ಸೇರಬೇಕಾದ್ದು. ಸರಿಯಾಗಿ ಸೇರಿದೆಯಾ ಅಂತ ಕೇಳೋ ಹಕ್ಕು ನಿಮ್ದು."

ಸೊಸೆಗೆ ಆಸ್ಪತ್ರೆಯಲ್ಲಿ ನಾಲ್ಕು ದಿನ ಡ್ರಿಪ್ಪು, ಸೂಜಿ. ಐದನೆಯ ದಿನ ಸಮಿತಿ ಸೇರಿದಾಗ ನಲವತ್ತು ಹೆಂಗಸರು ಅಲ್ಲಿಗೇ ನುಗ್ಗಿದೆವು. ಅಧ್ಯಕ್ಷ ಸಿಮೆಂಟ್ ಅಂಗಡಿಯವನು. ಅವನು ನಕ್ಕ. "ಕಕ್ಕಸಿನ ವಿಚಾರಕ್ಕೆ ಇಷ್ಟು ಜನವಾ? ನಾಚಿಕೆ ಆಗಲ್ವಾ?"

ಮುಂದೆ ಬಂದವಳು ಅತ್ತೆ. "ನಾಚಿಕೆ ನಾಚಿಕೆ ಅಂತಲೇ ಸೊಸೆ, ಮೊಮ್ಮಗು ಇಬ್ಬರನ್ನೂ ಕಳ್ಕೊಳ್ತಿದ್ದೆ ಕಣಯ್ಯಾ. ಗೋಡೆ ಕಂಡಲ್ಲಿ ನಿಲ್ಲೋನು ನೀನು, ನಮಗೆ ನಾಚಿಕೆ ಪಾಠ ಹೇಳ್ತೀಯಾ? ಸರಿ ಅತ್ಲಾಗೆ, ಕೂರೋಕೆ ಜಾಗ ಬಿಡು."

ಎದ್ದವನು ದರ್ಜಿ. "ಕೂತ್ಕೋ ಅಮ್ಮಾ. ನಾನೂ ಕೈ ಎತ್ತಿದ್ದೆ. ಹೆಂಡ್ತಿನ ಒಂದು ಮಾತು ಕೇಳ್ಲಿಲ್ಲ" ಎಂದ.

ಸಮಿತಿಯಲ್ಲಿ ಈಗ ಐವರು ಹೆಂಗಸರಿದ್ದಾರೆ. ವಾರದೊಳಗೆ ಕೋಣೆಗಳ ಪಕ್ಕದಲ್ಲೇ ಹೊಸ ಕಕ್ಕಸು ಬಂತು, ದೀಪ ಬಂತು, ಒಳಚಿಲಕ ಬಂತು. ಸೊಸೆ ಮರಳಿ ಬಂದಳು, ಹೊಟ್ಟೆಯಲ್ಲಿ ಮಗು ಚೆನ್ನಾಗಿ ಒದೆಯುತ್ತಿದೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ನಮ್ಮನ್ನು ಒಂದು ಮಾತು ಕೇಳಲು ಬಸುರಿಯೊಬ್ಬಳು ಸಾಯುವ ಹಂತಕ್ಕೆ ಬರಬೇಕಿತ್ತೇ?

ಅಕ್ಕಂದಿರೇ, ತಂಗಿಯರೇ, ನಾಳೆ ನಿಮ್ಮಲ್ಲಿಗೂ ಯಾವುದೋ ಸಂಸ್ಥೆಯ ಗಾಡಿ ಬರಬಹುದು. ಕಂಬಳಿ ಇಸಿದುಕೊಳ್ಳಿ. ಆಮೇಲೆ ಕೇಳಿ: ಸಮಿತಿಯಲ್ಲಿ ಹೆಂಗಸರು ಎಷ್ಟು ಜನ? ದೂರು ಕೊಡುವುದು ಎಲ್ಲಿ? ನೆರವಿಗೆ ಬದಲಾಗಿ ಯಾರಾದರೂ ಏನಾದರೂ ಬೇಡಿದರೆ ಅದನ್ನೂ ಅಲ್ಲೇ ಹೇಳಿ. ಅಣ್ಣಂದಿರೇ, ಕೈ ಎತ್ತುವ ಮೊದಲು ಮನೆಯಾಕೆಯನ್ನು ಕೇಳಿ ಬನ್ನಿ. ಕೇಳದೆ ಬಂದಿದ್ದರೆ ಜಾಗ ಬಿಡಿ. ನಮಗೆ ನಿಂತು ನಿಂತು ಸಾಕಾಗಿದೆ.