ಸಹಿ ತಾಳೆಯಾಗುತ್ತಿಲ್ಲ

"ಸಹಿ ತಾಳೆಯಾಗ್ತಿಲ್ಲ. ಸಹಿ ಹಾಕಿದವರೇ ಖುದ್ದು ಬಂದು ಇನ್ನೊಂದ್ಸಲ ಹಾಕ್ಬೇಕು," ಎಂದು ಗುಮಾಸ್ತ ಕಾಗದವನ್ನು ಕಿಂಡಿಯಿಂದ ಹೊರಕ್ಕೆ ತಳ್ಳಿದ.

ಬೋರ್ಡಮ್ಮ ಅದನ್ನು ಅಷ್ಟೇ ಮೆಲ್ಲಗೆ ಒಳಕ್ಕೆ ತಳ್ಳಿದಳು. "ಅವರು ತೀರಿಕೊಂಡಿದ್ದಾರೆ ಅಂತ ತಾನೇ ನಾನಿಲ್ಲಿಗೆ ಬಂದಿರೋದು?"

"ಅದು ಬೇರೆ ಕಾಗದದಲ್ಲಿದೆಯಲ್ಲಮ್ಮ," ಗುಮಾಸ್ತ ಮರಣ ಪ್ರಮಾಣಪತ್ರವನ್ನು ಎತ್ತಿ ತೋರಿಸಿದ. "ಅದರಲ್ಲಿ ಏನೂ ತಕರಾರಿಲ್ಲ. ಅವರು ಸತ್ತಿರೋದು ಸರಿಯಾಗಿದೆ."

"ಸದ್ಯ, ಅದಾದ್ರೂ ಸರಿಯಾಗಿ ಮಾಡಿದ್ರಲ್ಲ," ಎಂದಳು ಬೋರ್ಡಮ್ಮ.

ಪುರಸಭೆ ಮಾರುಕಟ್ಟೆಯ ಹದಿನಾಲ್ಕನೇ ಮಳಿಗೆ ಇಪ್ಪತ್ತಾರು ವರ್ಷಗಳಿಂದ ಅವಳ ಗಂಡನ ಹೆಸರಿನಲ್ಲಿತ್ತು. ಅವನ ಕಸುಬು ಬೋರ್ಡು ಬರೆಯುವುದು. ಬಟ್ಟೆ ಅಂಗಡಿಯಿಂದ ಹಿಡಿದು ಶಾಲೆ, ಗ್ಯಾರೇಜು, ಕೊನೆಗೆ 'ಇಲ್ಲಿ ಉಗುಳಬಾರದು' ಎಂಬ ತಗಡಿನವರೆಗೆ ಊರಿನ ಅಕ್ಷರಗಳೆಲ್ಲ ಆ ಮಳಿಗೆಯಿಂದಲೇ ಹೊರಟವು. ಜನ ಅವನನ್ನು ಬೋರ್ಡಪ್ಪ ಎನ್ನುತ್ತಿದ್ದರು. ಅವಳು ಬೋರ್ಡಮ್ಮನಾದದ್ದು ಅವನನ್ನು ಮದುವೆಯಾದದ್ದಕ್ಕೆ ಎಂದೇ ಎಲ್ಲರೂ ತಿಳಿದಿದ್ದರು. ಅದಲ್ಲ ಕಾರಣ ಎಂಬುದು ಗೊತ್ತಿದ್ದದ್ದು ಇಬ್ಬರಿಗೆ, ಅವರಲ್ಲಿ ಒಬ್ಬ ಈಗ ಇರಲಿಲ್ಲ.

ಮಳಿಗೆಯ ಯಜಮಾನ ತೀರಿಕೊಂಡರೆ, 'ನನ್ನ ನಂತರ ಇಂಥವರಿಗೆ' ಎಂದು ಅವನು ಬರೆದು ಸಹಿ ಮಾಡಿಟ್ಟ ನಮೂನೆ ಹನ್ನೊಂದನ್ನು ತೊಂಬತ್ತು ದಿನದೊಳಗೆ ಕಚೇರಿ ಒಪ್ಪಬೇಕು. ಒಪ್ಪದಿದ್ದರೆ ಮಳಿಗೆ, ಚೀಟಿ ಎತ್ತಿದಾಗ ಹೆಸರು ಬಂದವರ ಪಾಲು. ಇವತ್ತಿಗೆ ಎಂಬತ್ತೇಳು ದಿನ. ಮೊಬೈಲಿನ ಕವರು ಮಾರುವ ಒಬ್ಬ ಮಹಾಶಯ ಆಗಲೇ ಎರಡು ಸಲ ಟೇಪು ತಂದು ಮಳಿಗೆಯ ಅಗಲ ಅಳೆದು, ಸೌಜನ್ಯಕ್ಕೆ "ಪಾಪ, ಹೇಗಾಯ್ತು?" ಎಂದೂ ಕೇಳಿ ಹೋಗಿದ್ದ. ಮಳಿಗೆ ಹೋದರೆ ಬೋರ್ಡಮ್ಮನಿಗೆ ಕೂರಲು ಮನೆಯಿತ್ತು. ಆದರೆ ಐವತ್ತೆಂಟನೇ ವಯಸ್ಸಿನಲ್ಲಿ ಸುಮ್ಮನೆ ಕೂರುವುದನ್ನು ಹೊಸದಾಗಿ ಕಲಿಯಲು ಅವಳು ತಯಾರಿರಲಿಲ್ಲ.

ಗುಮಾಸ್ತ ಕೆಟ್ಟವನಲ್ಲ. ಅವನು ಫೈಲು ತೆರೆದು ಏಳು ವರ್ಷದ ನವೀಕರಣದ ಅರ್ಜಿಗಳನ್ನು ಅವಳ ಮುಂದೆ ಹರಡಿದ. "ನೀವೇ ನೋಡಿ. ಏಳು ಸಹಿ, ಒಂದಕ್ಕೊಂದು ಅವಳಿಜವಳಿ. ಎಂಥ ಅಂದ! ಕೊನೇ ಅಕ್ಷರದ ತಲೆಕಟ್ಟನ್ನ ಎಳೆದು ಇಡೀ ಹೆಸರಿಗೆ ಛತ್ರಿ ಹಿಡಿದ ಹಾಗೆ ಮಾಡಿದ್ದಾರೆ. ಈಗ ಈ ಹನ್ನೊಂದರಲ್ಲಿರೋದನ್ನ ನೋಡಿ. ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿದೆ. ಇದನ್ನ ಯಾರೋ ಬರೆಯೋಕೆ ಬಾರದೋರು ಹಾಕಿದ್ದಾರೆ."

ಬೋರ್ಡಮ್ಮ ಕಣ್ಣೆತ್ತಿದಳು. ಗುಮಾಸ್ತನ ತಲೆಯ ಹಿಂದೆ ಗೋಡೆಯ ಮೇಲೆ ಕೆಂಪಕ್ಷರದ ತಗಡೊಂದು ತೂಗುತ್ತಿತ್ತು: 'ಸುಳ್ಳು ಸಹಿ ಶಿಕ್ಷಾರ್ಹ ಅಪರಾಧ.' ಅದನ್ನು ಎರಡು ವರ್ಷದ ಹಿಂದೆ ಬರೆದವಳು ಅವಳೇ. ಮೂಲೆಯಲ್ಲಿ ಗಂಡನ ಸಹಿ ಹಾಕಿದವಳೂ ಅವಳೇ.

"ಮನೇಲಿ ಹಳೇ ಕಾಗದಗಳ ಮಧ್ಯೆ ಇನ್ನೊಂದು ಪ್ರತಿ ಇದ್ರೂ ಇರಬಹುದು. ಚೆನ್ನಾಗಿ ಹುಡುಕಿ," ಎಂದು ಗುಮಾಸ್ತ ದನಿ ತಗ್ಗಿಸಿದ. "ನಾಳೆ ಕಚೇರಿ ಇದೆ. ಆಮೇಲೆ ಎರಡು ದಿನ ರಜೆ." ಖಾಲಿ ನಮೂನೆಯೊಂದನ್ನು, ಅದು ಹೇಗಿರುತ್ತದೆ ಎಂದು ಹುಡುಕುವಾಗ ಗುರುತು ಸಿಗಲಿ ಎಂದು ಹೇಳಿ, ಒಪ್ಪದ ನಮೂನೆಯ ಜೊತೆಗೆ ಅವಳ ಕೈಗೆ ಕೊಟ್ಟ.

ಹೊರಗೆ ಮೈದುನ ಸ್ಕೂಟರಿನ ಮೇಲೆ ಕಾಯುತ್ತಿದ್ದ. ಅವನು ಗಂಡನ ಒಬ್ಬನೇ ತಮ್ಮ, ಲೋಕದಲ್ಲಿ ತನಗೆ ತಿಳಿಯದ್ದು ಏನೂ ಇಲ್ಲ ಎಂದು ತಿಳಿದವನು.

"ಅತ್ತಿಗೆ, ಕೈ ಮುಗೀತೀನಿ, ಒಬ್ಬ ವಕೀಲನ್ನ ಹಿಡಿಯೋಣ."

"ಈ ಊರಿನ ಒಂಬತ್ತು ವಕೀಲರ ಬೋರ್ಡು ಬರೆದಿರೋ ಮನೆ ನಮ್ಮದು," ಎಂದಳು ಬೋರ್ಡಮ್ಮ ಹಿಂದೆ ಕೂರುತ್ತ. "ಒಬ್ಬರು ಬೋರ್ಡು ತಗೊಂಡು ಹೋಗೋದಕ್ಕೇ ಮೂರು ವಾಯಿದೆ ಕೇಳಿದ್ರು. ಇನ್ನೊಬ್ಬರಿಗೆ ನ್ಯಾಯವಾದಿಗೆ ಒತ್ತು ಯಾವುದು ಅಂತ ನಿಮ್ಮಣ್ಣ ಹೇಳಿಕೊಡಬೇಕಾಯ್ತು. ನೀನು ಗಾಡಿ ಬಿಡಪ್ಪ."

ಮನೆಯಲ್ಲಿ ಹುಡುಕಲು ಏನೂ ಇರಲಿಲ್ಲ. ಇನ್ನೊಂದು ಪ್ರತಿ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಖಾಲಿ ನಮೂನೆಯನ್ನು ಊಟದ ಮೇಜಿನ ಮೇಲೆ ಹರಡಿ ಅದರ ಎದುರು ಕೂತಳು.

ಏಳು ವರ್ಷದ ಹಿಂದೆ ಗಂಡನ ಕೈ ನಡುಗಲು ಶುರುವಾಗಿತ್ತು. ಮೊದಲು ಲೋಟದಲ್ಲಿ, ಆಮೇಲೆ ಕುಂಚದಲ್ಲಿ. 'ಹಲ್ಲಿನ ಆಸ್ಪತ್ರೆ' ಎಂದು ಬರೆಯುವಾಗ ಒತ್ತಕ್ಷರಕ್ಕೆ ಉದ್ದನೆಯ ಬಾಲ ಬಂದು, ಅದು ಹಲ್ಲಿನ ಆಸ್ಪತ್ರೆಯೋ ಹಲ್ಲಿಯ ಆಸ್ಪತ್ರೆಯೋ ತಿಳಿಯದಂತಾದ ದಿನ, ಅವನು ಕುಂಚವನ್ನು ಅವಳ ಕೈಗಿಟ್ಟು ಮಳಿಗೆಯ ಬಾಗಿಲನ್ನು ಅರ್ಧ ಎಳೆದ. ಅಷ್ಟು ವರ್ಷ ಬಣ್ಣ ಕಲೆಸುತ್ತ, ಗೆರೆ ಹಾಕುತ್ತ, ಅವಳು ಅಕ್ಷರಗಳನ್ನು ಕದ್ದು ಕಲಿತಾಗಿತ್ತು. ಅಂದಿನಿಂದ ಅವನು ಬಾಗಿಲಲ್ಲಿ ಕೂತು ಗಿರಾಕಿಗಳೊಂದಿಗೆ ಹರಟುವುದು, ಅವಳು ಒಳಗೆ ಬರೆಯುವುದು. ಬಾಯಿ ಅವನದು, ಕೈ ಅವಳದು. ಕೈ ನಡುಗುವ ಬೋರ್ಡಪ್ಪನ ಹತ್ತಿರ ಯಾರು ಬಂದಾರು? ಬೋರ್ಡಿನ ಮೂಲೆಯ ಸಹಿಯನ್ನೂ ಅವಳೇ ಕಲಿತಳು. ಮೂಲೆಯ ಸಹಿ ಬಂದ ಮೇಲೆ ಕಾಗದದ ಸಹಿ ಯಾವ ಲೆಕ್ಕ? "ಒಂದು ಸಹಿ ಗೀಚಿಬಿಡು ಮಾರಾಯ್ತಿ," ಎನ್ನುತ್ತಿದ್ದ. ಗೀಚುತ್ತಿದ್ದಳು.

ನಮೂನೆ ಹನ್ನೊಂದರ ದಿನ ಮಾತ್ರ ಅವನು ಬಿಡಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಅರ್ಧ ಗಂಟೆ ಒದ್ದಾಡಿದ. ನೋಡಲಾರದೆ ಅವಳು, "ಕೊಡಿ ಇಲ್ಲಿ, ನಾನೇ ಹಾಕ್ತೀನಿ," ಎಂದು ಪೆನ್ನಿಗೆ ಕೈಹಾಕಿದಳು. ಅವನು ಸಿಡುಕಿದ್ದ:

"ನಾನು ನಿನಗೆ ಕೊಡೋದನ್ನ ನೀನೇ ಬರ್ಕೊಂಡ್ರೆ, ಅದು ಕೊಟ್ಟ ಹಾಗೆ ಆಗತ್ತೇನೇ?"

ಆಗ ಅವಳಿಗೆ ನಗು ಬಂದಿತ್ತು. ಈಗ ಬರಲಿಲ್ಲ. ಅವನ ಮೇಲೆ ಸಿಟ್ಟೇ ಬಂತು. ಜೀವಮಾನದಲ್ಲಿ ಒಂದೇ ಒಂದು ಸಲ ಹಠ ಹಿಡಿದು ತಾನೇ ಮಾಡಿದ ಕೆಲಸ, ಅದನ್ನೂ ಹೀಗೆ ಮಾಡಿಟ್ಟು ಹೋಗಿದ್ದ. ಪೆನ್ನು ತೆಗೆದು, ಖಾಲಿ ನಮೂನೆಯನ್ನು ತುಂಬಿ, ಹಳೆಯ ತಾರೀಖು ಹಾಕಿ, ಒಂದೇ ಉಸಿರಿಗೆ ಸಹಿ ಎಳೆದಳು. ಛತ್ರಿ ಸಮೇತ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತನ್ನ ಸಹಿ ಸತ್ಯದ ತಲೆಯ ಮೇಲೆ ಹೊಡೆದಂತಿತ್ತು. ಅವನ ಸಹಿಯನ್ನು ನೋಡಿದರೆ ಯಾರಿಗೂ ನಂಬಿಕೆ ಬರುವಂತಿರಲಿಲ್ಲ.

ಮರುದಿನ ಕಿಂಡಿಯಲ್ಲಿ ಗುಮಾಸ್ತನ ಮುಖ ಅರಳಿತು. "ಸಿಕ್ತಲ್ಲ! ನಾನು ಹೇಳಿರಲಿಲ್ವಾ? ಅಸಲು ಅಂದ್ರೆ ಇದು. ನನಗೆ ಈ ಸಹಿ ಎಲ್ಲಿದ್ರೂ ಗೊತ್ತಾಗತ್ತೆ." ಅವನು 'ಸಹಿ ಪರಿಶೀಲಿಸಲಾಗಿದೆ' ಎಂಬ ಮೊಹರನ್ನು ಮಸಿಗೆ ಒತ್ತಿ ಮೇಲಕ್ಕೆತ್ತಿದ.

ಆ ಮೊಹರು ಕೆಳಗಿಳಿದರೆ ಮಳಿಗೆ ಅವಳದು. ಅದು ಅವನು ಕೊಟ್ಟದ್ದಲ್ಲ, ಅವಳೇ ಬರೆದುಕೊಂಡದ್ದು.

"ನಿಲ್ಲಿ," ಎಂದಳು ಬೋರ್ಡಮ್ಮ. "ಅದು ನಾನು ನಿನ್ನೆ ಹಾಕಿದ್ದು."

ಮೊಹರು ಗಾಳಿಯಲ್ಲೇ ನಿಂತಿತು. "ಏನಂದ್ರಿ?"

"ನಿನ್ನೆ ಊಟ ಆದ್ಮೇಲೆ. ಅಸಲು, ನೀವು ಇರುವೆ ಅಂದ್ರಲ್ಲ, ಅದು," ಎಂದು ಹಳೆಯ ನಮೂನೆಯನ್ನೂ ಕಿಂಡಿಯೊಳಕ್ಕೆ ತಳ್ಳಿದಳು.

ಗುಮಾಸ್ತ ಸುತ್ತ ನೋಡಿ, ಕಿಂಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ: "ಅಮ್ಮಾ, ಇಂಥದನ್ನೆಲ್ಲ ಬಾಯಿಬಿಟ್ಟು ಹೇಳ್ತಾರೇನ್ರಿ? ಮತ್ತೆ ಈ ಏಳು ವರ್ಷದ್ದು ಹೇಗೆ ಇದಕ್ಕೆ ಸರಿಯಾಗಿ ಕೂರತ್ತೆ?" ಅವನು ಹೋದ ವರ್ಷದ ಅರ್ಜಿ ಎತ್ತಿ ಹಿಡಿದ. "ಇದು?"

"ನಂದೇ."

"ಅದರ ಹಿಂದಿನ ವರ್ಷ?"

"ಅದೂ ನಂದೇ. ಸುಮ್ನೆ ಒಂದೊಂದೇ ಎತ್ತಬೇಡಿ, ಏಳೂ ನಂದೇ."

ಗುಮಾಸ್ತ ಕುರ್ಚಿಯಲ್ಲಿ ಕುಸಿದ. ಏಳು ಅರ್ಜಿಗಳ ಮೇಲೂ ಪರಿಶೀಲಿಸಿದವನ ಸಹಿ ಅವನದೇ ಆಗಿತ್ತು, ಮತ್ತು ಅದು ಅಪ್ಪಟ ಅಸಲಿಯಾಗಿತ್ತು. ಅವನು ಫೈಲನ್ನು ಎದೆಗವಚಿಕೊಂಡು ಮೇಲಧಿಕಾರಿಯ ಕೋಣೆಗೆ ನಡೆದ. ಬೋರ್ಡಮ್ಮ ಹಿಂದೆಯೇ ಹೋದಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಅವಳಿಗೆ ಮೀಸೆಯಾದರೂ ಎಲ್ಲಿತ್ತು?

ಮೇಲಧಿಕಾರಿ ನಿವೃತ್ತಿಗೆ ಎರಡು ತಿಂಗಳಿದ್ದ ಹೆಂಗಸು. ಎಲ್ಲವನ್ನೂ ಕೇಳಿ, ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡಳು.

"ಇದು ಅವರೇ ಹಾಕಿದ್ದು ಅನ್ನೋದಕ್ಕೆ ಏನು ಆಧಾರ? ಏಳು ಸುಳ್ಳು ಹಾಕಿದವರು ಎಂಟನೇದನ್ನೂ ಹಾಕಿರಬಹುದಲ್ವಾ?"

"ನಾನು ಹಾಕೋದಾಗಿದ್ರೆ ಇಷ್ಟು ಕೆಟ್ಟದಾಗಿ ಯಾಕೆ ಹಾಕ್ತಿದ್ದೆ, ಮೇಡಂ?"

ಮೇಲಧಿಕಾರಿ ನಗು ತಡೆದುಕೊಂಡದ್ದು ಕಾಣಿಸಿತು. "ಮೊಟ್ಟಮೊದಲ ಅರ್ಜಿ ತನ್ನಿ. ಕೈ ಚೆನ್ನಾಗಿದ್ದಾಗ ಹಾಕಿದ್ದು," ಎಂದಳು.

ಗುಮಾಸ್ತ ಧೂಳು ಹೊತ್ತು ತಂದ. ಇಪ್ಪತ್ತಾರು ವರ್ಷದ ಹಿಂದಿನ ಕಾಗದ ಹಳದಿಯಾಗಿತ್ತು. ಮೂರೂ ಬಗೆಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು: ಹಳೆಯದು, ಅವಳವು, ಕೊನೆಯದು. ಹಳೆಯದೂ ಅವಳವೂ ಅಕ್ಕತಂಗಿಯರಂತಿದ್ದವು. ಕೊನೆಯದು ಯಾರ ನೆಂಟನೂ ಅಲ್ಲ.

"ನಾನು ಹೇಳಿದ್ನಲ್ಲ ಮೇಡಂ," ಎಂದ ಗುಮಾಸ್ತ ಸಂಕಟದಿಂದ.

ಬೋರ್ಡಮ್ಮ ಬಾಗಿ ನೋಡಿದಳು. ಗಂಡನ ಅಸಲು ಸಹಿಯನ್ನು ನೋಡಿ ಎಷ್ಟು ಕಾಲವಾಗಿತ್ತು! ಅಕ್ಷರಗಳನ್ನು ಬಿಟ್ಟು ಮಸಿಯನ್ನು ನೋಡಿದಳು, ಬೇರೆಯವರ ಬೋರ್ಡನ್ನು ನೋಡುವಾಗ ನೋಡುವಂತೆ. ಕುಂಚವಾಗಲಿ ಪೆನ್ನಾಗಲಿ, ಮೊದಲು ಕೂತ ಕಡೆ ದಪ್ಪ, ಎದ್ದು ಹೋದ ಕಡೆ ತೆಳು. ಅವಳು ಮೇಲಧಿಕಾರಿಯನ್ನು ಕೇಳದೆಯೇ ಮೇಜಿನ ಮೇಲಿದ್ದ ಭೂತಗನ್ನಡಿ ತೆಗೆದುಕೊಂಡಳು.

"ಅಯ್ಯೋ," ಎಂದಳು. "ಏಳು ವರ್ಷ ತಪ್ಪು ಹಾಕಿದ್ದೀನಿ."

"ಅದನ್ನೇ ನಾವೂ ಹೇಳ್ತಿರೋದು," ಎಂದ ಗುಮಾಸ್ತ.

"ಅದಲ್ಲ. ಛತ್ರಿ ನೋಡಿ. ನಾನು ಎಡಗಡೆಯಿಂದ ಬಲಗಡೆಗೆ ಎಳೆದಿದ್ದೀನಿ, ಎಲ್ಲರೂ ಬರೆಯೋ ಹಾಗೆ. ಮಸಿ ಎಡಗಡೆ ಗಂಟು ಕಟ್ಟಿದೆ. ಅವರ ಹಳೇದರಲ್ಲಿ ಗಂಟು ಬಲಗಡೆ ಇದೆ. ಅವರು ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಎಳೀತಿದ್ರು." ಅವಳ ದನಿ ಸ್ವಲ್ಪ ಏರಿತು. "ಈಗ ಇರುವೆ ನೋಡಿ."

ಮೇಲಧಿಕಾರಿ ನೋಡಿದಳು. ಗುಮಾಸ್ತನೂ ತಲೆ ತೂರಿಸಿದ. ನಡುಗಿ ನಡುಗಿ, ಮೂರು ಕಡೆ ಮುರಿದು, ಮತ್ತೆ ಹಿಡಿದುಕೊಂಡು ಹೋಗಿದ್ದ ಆ ಗೆರೆಯ ಬಲತುದಿಯಲ್ಲಿ ದಪ್ಪನೆಯ ಮಸಿಯ ಗಂಟಿತ್ತು. ಎಡಗಡೆಗೆ ಬರುಬರುತ್ತ ಕೂದಲಿನಷ್ಟು ತೆಳ್ಳಗಾಗಿ ಮುಗಿದಿತ್ತು.

"ಯಾಕೆ ಹಾಗೆ ಎಳೀತಿದ್ರು?" ಎಂದು ಮೇಲಧಿಕಾರಿ ಕೇಳಿದಳು.

"ಬೋರ್ಡು ಬರೆಯೋರು ಕೊನೆಯಿಂದಲೇ ಅಳೀಬೇಕು ಅಂತಿದ್ರು. ಇಲ್ದಿದ್ರೆ ಕೊನೇ ಅಕ್ಷರಕ್ಕೆ ಜಾಗ ಸಾಲಲ್ಲ. ನನಗೆ ನೂರು ಸಲ ಹೇಳಿದ್ದಾರೆ." ಬೋರ್ಡಮ್ಮನಿಗೆ ಈಗ ಕಣ್ಣು ತುಂಬಿತು. ಎಂಬತ್ತೆಂಟು ದಿನದಲ್ಲಿ ಮೊದಲ ಸಲ, ಅದೂ ಕಚೇರಿಯಲ್ಲಿ. "ಅವರ ಕೈ ನನಗೆ ಪೂರ್ತಿ ಬಂದಿದೆ ಅಂತ ತಿಳಿದಿದ್ದೆ."

ಗುಮಾಸ್ತ ತನ್ನ ಕುಡಿಯುವ ನೀರನ್ನು ಅವಳತ್ತ ಸರಿಸಿದ.

"ನಮೂನೆ ಹನ್ನೊಂದು ಸರಿಯಾಗಿದೆ. ನಿನ್ನೆ ಊಟ ಆದ್ಮೇಲೆ ಹುಟ್ಟಿದ್ದನ್ನ ಹರಿದುಹಾಕಿ," ಎಂದಳು ಮೇಲಧಿಕಾರಿ. ಆಮೇಲೆ ಏಳು ಅರ್ಜಿಗಳನ್ನು ಮುಂದಕ್ಕೆ ಸರಿಸಿದಳು. "ಇವಕ್ಕೆ ಕೇಸು ಹಾಕಿದ್ರೆ ಮೊದಲನೇ ಆರೋಪಿ ನೀವು, ಎರಡನೆಯವರು ಇಲ್ಲೇ ನಿಂತಿದ್ದಾರೆ."

"ಸಹಿ ಅಷ್ಟು ಚೆನ್ನಾಗಿತ್ತು ಮೇಡಂ," ಎಂದು ಗುಮಾಸ್ತ ಗೋಗರೆದ.

ಮೇಲಧಿಕಾರಿ ಬೋರ್ಡಮ್ಮನತ್ತ ತಿರುಗಿದಳು. "ಪ್ರತಿಯೊಂದರ ಮೇಲೂ 'ಪರವಾಗಿ' ಅಂತ ಸೇರಿಸಿ, ಇವತ್ತಿನ ತಾರೀಖು ಹಾಕಿ, ಕೆಳಗೆ ನಿಮ್ಮ ಸ್ವಂತ ಸಹಿ ಮಾಡಿ. ಯಾರಾದ್ರೂ ಕೇಳಿದ್ರೆ ನಾನು ಉತ್ತರ ಕೊಡ್ತೀನಿ, ಎರಡು ತಿಂಗಳು." ಅವಳ ಕಣ್ಣು ತೆರೆದ ಬಾಗಿಲಿನಿಂದಾಚೆ, ಕಿಂಡಿಯ ಹಿಂದಿನ ಕೆಂಪಕ್ಷರದ ತಗಡಿನ ಮೇಲೆ ಬಿತ್ತು. ಮೂಲೆಯ ಪುಟ್ಟ ಛತ್ರಿಯ ಮೇಲೂ ಬಿತ್ತು. "ಅದು?"

ಬೋರ್ಡಮ್ಮ ತಲೆತಗ್ಗಿಸಿದಳು.

"ದೇವರೇ. ಅದನ್ನ ಮೊದಲು ಸರಿಮಾಡಿ."

ಮಧ್ಯಾಹ್ನವೇ ಅವಳು ಡಬ್ಬಿ, ಕುಂಚ, ಸೀಮೆಎಣ್ಣೆಯ ಬಟ್ಟೆ ತಂದಳು. ತಗಡನ್ನು ಕೆಳಗಿಳಿಸಲು ಮೊಳೆ ಬಿಡಲಿಲ್ಲ, ಹಾಗಾಗಿ ಸ್ಟೂಲು ಹತ್ತಿದಳು. ಗುಮಾಸ್ತ ಎರಡು ಕೈಯಿಂದಲೂ ಸ್ಟೂಲು ಹಿಡಿದುಕೊಂಡ. ಕಿಂಡಿಯಾಚೆ ಸಾಲಿನಲ್ಲಿದ್ದವರು ಗೊಣಗುವುದನ್ನು ಬಿಟ್ಟು ಮೇಲೆ ನೋಡತೊಡಗಿದರು. ಮೂಲೆಯಲ್ಲಿ ಗಂಡನ ಹೆಸರಿನ ಮೇಲೆ ಬಟ್ಟೆ ಇಡುವಾಗ ಅವಳ ಕೈ ಹಿಂದೆ ಬಂತು. ಆಮೇಲೆ, ಇದೂ ತಾನು ಬರೆದದ್ದೇ ಅಲ್ಲವೇ ಎಂದುಕೊಂಡು ಒರೆಸಿದಳು.

ತಗಡಿನ ಮೂಲೆ ಖಾಲಿಯಾಯಿತು. ಇಷ್ಟು ವರ್ಷದಲ್ಲಿ ತನ್ನ ಹೆಸರನ್ನು ಅವಳು ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ. ಕುಂಚವನ್ನು ಬಣ್ಣಕ್ಕದ್ದಿ, ಡಬ್ಬಿಯ ಅಂಚಿಗೆ ಒರೆಸಿ, ತಗಡಿನ ಬಲಗಡೆಯ ಕೊಟ್ಟಕೊನೆಯಲ್ಲಿ ಇಟ್ಟಳು.

"ಆ ಕಡೆಯಿಂದ್ಲಾ ಅಮ್ಮ?" ಎಂದ ಗುಮಾಸ್ತ ಕೆಳಗಿನಿಂದ.

"ಅಲ್ಲಾಡಿಸಬೇಡಿ," ಎಂದಳು ಬೋರ್ಡಮ್ಮ, ಮತ್ತು ಗೆರೆಯನ್ನು ನಿಧಾನವಾಗಿ ಎಡಕ್ಕೆ ಎಳೆಯತೊಡಗಿದಳು.