ದಪ್ಪ ಓರೆ ಅಕ್ಷರದ ಲಗ್ನಪತ್ರಿಕೆ

ಕಡೂರಿನ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಖಲಂದರ್ ಸಾಹೇಬರ ಬಳಿ ದಪ್ಪ ಓರೆ ಅಕ್ಷರಗಳ ಪೆಟ್ಟಿಗೆಯೊಂದಿತ್ತು. ಬಲಕ್ಕೆ ವಾಲಿ, ತುದಿಯಲ್ಲಿ ಸಣ್ಣ ಕೊಕ್ಕೆ ತಿರುವಿಕೊಂಡ ಆ ಅಕ್ಷರಗಳನ್ನು ಅವರು ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಮಾತ್ರ ಬಳಸುತ್ತಿದ್ದರು.

ಚೌಳಹಿರಿಯೂರಿನ ಹಾಲಪ್ಪಗೌಡರು ಮಗಳ ಮದುವೆಗೆಂದು ಮೂವತ್ತೆರಡು ಹೆಸರುಗಳ ಪಟ್ಟಿ ತಂದರು.

"ಇವ್ರ ಹೆಸ್ರೆಲ್ಲಾ ಆ ದಪ್ಪದ್ರಲ್ಲೇ ಬರ್ಬೇಕು ಸಾಬ್ರೇ. ಒಬ್ರದ್ದು ಬಿಟ್ರೂ ಮುನಿಸ್ಕೊಂಡು ಮದ್ವೇಗೇ ಬರಾಕಿಲ್ಲ."

"ಎಲ್ಲಾರ್ಗೂ ಅದೇ ಹಾಕಿದ್ರೆ ಯಾರೂ ಎದ್ದು ಕಾಣಲ್ಲ ಗೌಡ್ರೇ."

ಗೌಡರು ಕೇಳಲಿಲ್ಲ. ವರ, ಬೀಗರು, ಅಣ್ಣತಮ್ಮಂದಿರು ಎಲ್ಲರೂ ಇದ್ದ ಆ ಪಟ್ಟಿಯಲ್ಲಿ ಮದುಮಗಳೇ ಇರಲಿಲ್ಲ. ಸಾಹೇಬರು ಸಿಡುಕುತ್ತಲೇ ಪಟ್ಟಿಯಂತೆ ಜೋಡಿಸಿ, ಅವಳ ಹೆಸರನ್ನು ಮಾಮೂಲಿ ನೆಟ್ಟನೆಯ ಅಕ್ಷರದಲ್ಲಿಟ್ಟರು.

ಅಚ್ಚಾದ ಹಾಳೆ ಹಿಡಿದ ಗೌಡರು ಹುಬ್ಬು ಗಂಟಿಕ್ಕಿದರು. "ಇದೇನ್ ಸಾಬ್ರೇ, ನಮ್ ಗೌರಿ ಹೆಸ್ರೊಂದೇ ಕಣ್ಣಿಗೆ ಬೀಳ್ತದಲ್ಲ!"

"ಮದ್ವೆ ಅವಳ್ದೇ ಅಲ್ವಾ?" ಎಂದರು ಸಾಹೇಬರು.